ಪುರದ ಸಗಣಿ ಲೆಕ್ಕ

1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ವಿಜ್ಞಾನ-ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒದಗಿಸಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದರು. ಅದರ ಕೆಲಸ ಬೇಗನೆ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಿಗೆ ಇಳಿಯಿತು. ಅಲ್ಲಿನ ಮನೆಗಳು ಬಳಸುತ್ತಿದ್ದ ಶಕ್ತಿಯಲ್ಲಿ ಬಹುಪಾಲು ಅಡುಗೆಗೆ ಉರಿಸುವ ಸೌದೆಯೇ ಎಂದು ಸಮೀಕ್ಷೆಯಲ್ಲಿ ತಿಳಿಯಿತು. ಅದರಲ್ಲಿ ದುಡ್ಡು ಕೊಟ್ಟು ಕೊಂಡದ್ದು ತೀರ ಕಡಿಮೆ. ಉಳಿದದ್ದೆಲ್ಲ ಹೆಚ್ಚಾಗಿ ಹೆಂಗಸರೂ ಮಕ್ಕಳೂ ಆರಿಸಿ ಹೊತ್ತು ತಂದ ಪುಳ್ಳೆ. ಅವರ ದುಡಿಮೆಗೆ ಮನೆಯ ಜಮಾಖರ್ಚಿನಲ್ಲಿ ಜಾಗವೇ ಇರಲಿಲ್ಲ. ಸೌದೆ ಉಳಿಸುವ ಒಲೆ ಬಂದರೂ ಯಜಮಾನನ ಕಣ್ಣಿಗೆ ಉಳಿತಾಯ ಕಾಣದಿದ್ದದ್ದು ಇದರಿಂದಲೇ.

ಹಳ್ಳಿಯವರು ಹಳೆಯ ರೂಢಿ ಬಿಡುವುದಿಲ್ಲ ಎಂಬ ಮಾತನ್ನು ಈ ಹಳ್ಳಿಗಳಲ್ಲೊಂದಾದ ಪುರ ಎಂಬ ಊರು ಸುಳ್ಳು ಮಾಡಿತು. ಅಲ್ಲಿ ಊರಿಗೆಲ್ಲ ಸೇರಿದ ಗೋಬರ್ ಗ್ಯಾಸ್ ಸ್ಥಾವರವನ್ನು ಮೊದಲು ಅಡುಗೆಗಾಗಿಯೇ ನಡೆಸಿದರು. ಸಿಕ್ಕ ಸಗಣಿ ಸಾಲಲಿಲ್ಲ, ಎಲ್ಲರ ಅಡುಗೆಗೂ ಆಗುವಷ್ಟು ಅನಿಲ ಬರಲಿಲ್ಲ, ಯೋಜನೆ ನಿಂತಿತು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೆ ಹರಿಸಿ, ಮನೆಗಳಿಗೆ ದೀಪ ಕೊಟ್ಟಾಗ ಅದೇ ಜನ ದಿನವೂ ಸಗಣಿ ತಂದು ಸುರಿದರು. ತಂದ ಸಗಣಿಗೆ ತಕ್ಕಷ್ಟು, ಅನಿಲ ತೆಗೆದು ಉಳಿದ ಬಗ್ಗಡ ಗೊಬ್ಬರವಾಗಿ ಹಿಂದಕ್ಕೆ ಸಿಗುತ್ತಿತ್ತು, ಕಿಲೋ ಲೆಕ್ಕದಲ್ಲಿ ಒಂದಿಷ್ಟು ಕಾಸೂ ಕೈಸೇರುತ್ತಿತ್ತು. ಸಗಣಿ ನಿಂತರೆ ತಮ್ಮ ಮನೆಯ ನಲ್ಲಿಯೂ ನಿಲ್ಲುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ನನ್ನ ಮಟ್ಟಿಗೆ ಈ ಕಥೆಯ ತಿರುಳು ಇಲ್ಲಿದೆ: ಜನರ ಮನಸ್ಸು ಮೊದಲಿನದೇ, ಊರಿನ ಹಿತ ಮನೆಯ ಹಿತದೊಡನೆ ಕೂಡಿಕೊಂಡಿತು, ಅಷ್ಟೆ.

ಹೊಸ ಒಲೆ, ದೀಪ ಹಳ್ಳಿಯ ಮನೆ ಸೇರಲು ಬಡತನವೇ ಅಡ್ಡಿ, ಸಹಾಯಧನ ಕೊಟ್ಟರೆ ಸಾಕು ಎನ್ನುವವರಿದ್ದಾರೆ. ಬಡತನ ನಿಜ. ಆದರೆ 1980ರ ದಶಕದಲ್ಲಿ ಶುರುವಾದ ರಾಷ್ಟ್ರೀಯ ಸುಧಾರಿತ ಒಲೆ ಕಾರ್ಯಕ್ರಮ ಸಹಾಯಧನದಲ್ಲೇ ದೇಶದುದ್ದಕ್ಕೂ ಒಲೆ ಕಟ್ಟಿಸಿತು. ಬಿರುಕುಬಿಟ್ಟ ಒಲೆಯನ್ನೂ ಕಟ್ಟಿಕೊಂಡ ಹೊಗೆಕೊಳವೆಯನ್ನೂ ಸರಿಮಾಡುವವರಿಲ್ಲದೆ ಎಷ್ಟೋ ಒಲೆಗಳು ಮೂಲೆಗೆ ಬಿದ್ದವು. 2016ರ ಉಜ್ವಲಾ ಯೋಜನೆ ಅನಿಲ ಸಂಪರ್ಕವನ್ನು ಬಡವರ ಮನೆಗೆ ತಂದರೂ, ಸಿಲಿಂಡರ್ ತುಂಬಿಸಲು ಒಮ್ಮೆಗೇ ಕೈಯಿಂದ ಬಿಡಬೇಕಾದ ಹಣ ಬಹಳ ಮನೆಗಳನ್ನು ಮತ್ತೆ ಪುಳ್ಳೆಯ ಕಡೆಗೆ ತಳ್ಳಿತು. ದಿನಗೂಲಿಯ ಮನೆಗೆ ಬೆಲೆಯಷ್ಟೇ ಮುಖ್ಯ ಅದನ್ನು ಕಟ್ಟುವ ಹೊತ್ತು. 1995ರಲ್ಲಿ ಹುಟ್ಟಿದ ಸೆಲ್ಕೋ ಕಂಪನಿ ಸೌರದೀಪವನ್ನು ಗ್ರಾಮೀಣ ಬ್ಯಾಂಕಿನ ಸಾಲಕ್ಕೆ ಜೋಡಿಸಿದ್ದು ಈ ಅರಿವಿನಿಂದಲೇ. ದೀಪದ ಬೆಲೆ ಇಳಿಯುವವರೆಗೆ ಕಾಯದೆ, ಮನೆಗೆ ದುಡ್ಡು ಬರುವ ಕಾಲಕ್ಕೆ ಕಂತನ್ನು ಹೊಂದಿಸುವ ದಾರಿಯನ್ನು ಅದು ಹಿಡಿಯಿತು.