ಇಮ್ಯುನಿಟಿ ಹೆಚ್ಚಾದರೆ ಒಳ್ಳೇದೇನ್ರಿ? ತಡೆಯುವ ಕೋಶ ಹುಡುಕಿದ ಸಕಾಗುಚಿ ಕಥೆ

ಇವತ್ತಿನ ಎಪಿಸೋಡ್ ಇತಿಹಾಸದ್ದೇ. ಆದರೆ ರಾಜರದ್ದಲ್ಲ, ಯುದ್ಧದ್ದಲ್ಲ. ನಮ್ಮ ರಕ್ತದಲ್ಲಿರೋ ಒಂದು ಜಾತಿಯ ಕೋಶದ ಇತಿಹಾಸ.

ಈ ವಿಷಯ ಯಾಕೆ ಅಂತ ಮೊದಲೇ ಹೇಳ್ತೀನಿ. ನಮ್ಮ ಕಡೆ ಒಂದು ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಅಂತ ಗೊತ್ತಾದರೆ ಎರಡು ಕೆಲಸ ಒಟ್ಟಿಗೇ ಶುರುವಾಗ್ತವೆ. ಒಂದು, ಮಿರಜಕ್ಕೆ ಹೋಗೋದೋ, ಹುಬ್ಬಳ್ಳಿಗೋ, ಬೆಳಗಾವಿಗೋ, ಬೆಂಗಳೂರಿನ ಕಿದ್ವಾಯಿಗೋ ಅನ್ನೋ ಚರ್ಚೆ. ಇನ್ನೊಂದು, ವಾಟ್ಸಾಪ್. 'ಇಮ್ಯುನಿಟಿ ಪವರ್ ಹೆಚ್ಚಿಸಿಕೊಳ್ಳಿ, ಕ್ಯಾನ್ಸರ್ ತಾನಾಗೇ ಕರಗ್ತದೆ' ಅನ್ನೋ ಮೆಸೇಜು. ಅದರ ಹಿಂದೇನೇ ಪುಡಿ, ಕಷಾಯ, ಸಾವಿರಾರು ರೂಪಾಯಿಯ ಡಬ್ಬಿ. ಮಾರೋರೂ ಬಹಳ ಸಲ ಪರಿಚಯದವರೇ, ಕೊಳ್ಳೋರೂ ಪ್ರೀತಿಯಿಂದಲೇ ಕೊಳ್ತಾರೆ. 'ಮೂರು ತಿಂಗಳು ಇದನ್ನ ನೋಡೋಣ, ಆಮೇಲೆ ಆಸ್ಪತ್ರೆ' ಅಂತಾರೆ. ಕ್ಯಾನ್ಸರ್ ಆ ಮೂರು ತಿಂಗಳು ಸುಮ್ಮನೆ ಕೂತಿರಲ್ಲ.

ಈ ಮೆಸೇಜಿನೊಳಗೆ ಒಂದು ಊಹೆ ಅಡಗಿದೆ. ಇಮ್ಯುನಿಟಿ ಅಂದ್ರೆ ಮೊಬೈಲ್ ಬ್ಯಾಟರಿ ಇದ್ದಂಗೆ, ಇಳಿದರೆ ಚಾರ್ಜ್ ಮಾಡಬೇಕು, ನೂರು ಪರ್ಸೆಂಟ್ ತುಂಬಿದರೆ ರೋಗ ಹತ್ರ ಬರಲ್ಲ. ಇದು ಹಂಗಲ್ಲ ಅಂತ ತೋರಿಸಿದವರಲ್ಲಿ ಮುಖ್ಯರು ಜಪಾನಿನ ಶಿಮೊನ್ ಸಕಾಗುಚಿ. 2025ರ ಅಕ್ಟೋಬರ್ 6ರಂದು ವೈದ್ಯಕೀಯ ನೊಬೆಲ್ ಘೋಷಣೆಯಾದಾಗ ಅವರಿಗೆ 74 ವರ್ಷ. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಜೊತೆ ಅವರು ಆ ಬಹುಮಾನ ಹಂಚಿಕೊಂಡರು. ನಾನು ಬಿ.ಕಾಂ. ಓದಿದವಳು, ಡಾಕ್ಟರಲ್ಲ. ಅದಕ್ಕೇ ಇದನ್ನ ಔಷಧದ ಸಲಹೆ ಅಂತ ತಗೋಬೇಡಿ. ಒಂದು ವಿಚಾರ ಹುಟ್ಟಿ, ಸತ್ತು, ಮತ್ತೆ ಎದ್ದು ಬಂದ ಇತಿಹಾಸ ಅಂತ ಕೇಳಿ.

ಮನೆಯವರನ್ನೇ ಕಚ್ಚೋ ಕಾವಲುಗಾರ

ನಮ್ಮ ರಕ್ತದಲ್ಲಿ ಟಿ ಕೋಶಗಳು ಅಂತ ಇರ್ತವೆ. ವೈರಸ್ಸು, ಸೋಂಕು, ಕೆಟ್ಟುಹೋದ ಕೋಶ, ಎಲ್ಲವನ್ನೂ ಹುಡುಕಿ ಹೊಡೆಯೋ ಕಾವಲುಪಡೆ. ಎದೆಯೊಳಗೆ, ಹೃದಯದ ಸ್ವಲ್ಪ ಮೇಲೆ, ಥೈಮಸ್ ಅಂತ ಒಂದು ಗ್ರಂಥಿ ಇದೆ. ಟಿ ಕೋಶಗಳಿಗೆ ಅದೇ ಶಾಲೆ. 'ಟಿ' ಅನ್ನೋ ಅಕ್ಷರ ಬಂದದ್ದೂ ಅದರಿಂದಲೇ.

ಮುಧೋಳದವರಿಗೆ ನಾಯಿ ಉದಾಹರಣೆ ಸಾಕು. ಮುಧೋಳ ನಾಯಿ ಓಟಕ್ಕೆ, ಬೇಟೆಗೆ ಹೆಸರುವಾಸಿ. ಆದರೆ ಮನೆಮಂದಿ ಯಾರು, ಹೊರಗಿನವರು ಯಾರು ಅಂತ ಗೊತ್ತಿರದ ನಾಯಿಯನ್ನ ಅಂಗಳದಲ್ಲಿ ಬಿಟ್ಟರೆ ಗತಿ ಏನು? ಥೈಮಸ್ ಮಾಡೋದು ಇದೇ ಕೆಲಸ. ನಮ್ಮ ದೇಹವನ್ನೇ ಕಚ್ಚೋ ಸ್ವಭಾವದ ಟಿ ಕೋಶಗಳನ್ನ ಅಲ್ಲೇ ಆರಿಸಿ ಸಾಯಿಸ್ತದೆ. ಹೀಗೆ ಪಾಸಾದವು ಮಾತ್ರ ಹೊರಗೆ ಬರ್ತವೆ, ಇಷ್ಟರ ಮೇಲೆ ಇನ್ನೊಂದು ಕಾವಲು ಬೇಕಿಲ್ಲ ಅನ್ನೋದು ಬಹುತೇಕ ವಿಜ್ಞಾನಿಗಳ ನಂಬಿಕೆಯಾಗಿತ್ತು.

ಆದರೆ ಒಂದು ಪ್ರಯೋಗ ಈ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. 1969ರಲ್ಲಿ ಜಪಾನಿನ ಯಸುವಾಕಿ ನಿಶಿಝುಕಾ ಮತ್ತು ಸಂಗಡಿಗರು ಹುಟ್ಟಿ ಮೂರು ದಿನವಾದ ಇಲಿಮರಿಗಳ ಥೈಮಸ್ ತೆಗೆದುಹಾಕಿದರು. ಶಾಲೆಯೇ ಇಲ್ಲ ಅಂದ್ಮೇಲೆ ಕಾವಲುಪಡೆ ಬಡವಾಗಬೇಕಲ್ವಾ? ಆಗಿದ್ದು ಬೇರೆ. ಹೆಣ್ಣಿಲಿಗಳ ಅಂಡಾಶಯವೇ ಹಾಳಾಗಿ ಹೋಯಿತು. ಇಂಥ ಇಲಿಗಳಲ್ಲಿ ರೋಗನಿರೋಧಕ ವ್ಯವಸ್ಥೆ ಕಡಿಮೆಯಾಗಿರಲಿಲ್ಲ, ಲಂಗುಲಗಾಮಿಲ್ಲದೆ ತನ್ನ ದೇಹದ ಮೇಲೇ ತಿರುಗಿಬಿದ್ದಿತ್ತು ಅನ್ನೋದು ಮುಂದೆ ತಿಳಿಯಿತು.

ಶಿಗಾ ಪ್ರಾಂತ್ಯದ ನಗಹಾಮದಲ್ಲಿ 1951ರಲ್ಲಿ ಹುಟ್ಟಿ, 1976ರಲ್ಲಿ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಮುಗಿಸಿದ ಸಕಾಗುಚಿಗೆ ಈ ಇಲಿಗಳು ತಲೆಯೊಳಗೆ ಕೂತುಬಿಟ್ಟವು. ನಿಶಿಝುಕಾ ಇದ್ದ ನಗೋಯಾದ ಐಚಿ ಕ್ಯಾನ್ಸರ್ ಸೆಂಟರ್‌ಗೇ ಹೋಗಿ ಸೇರಿಕೊಂಡರು. ಅಲ್ಲಿ ಮಾಡಿದ ಪ್ರಯೋಗ ಕೇಳೋಕೆ ಬಹಳ ಸರಳ. ಅದೇ ತಳಿಯ ಆರೋಗ್ಯವಂತ ಇಲಿಯಿಂದ ಟಿ ಕೋಶ ತೆಗೆದು, ಥೈಮಸ್ ಇಲ್ಲದ ಇಲಿಗೆ ಚುಚ್ಚಿದರು. ಇಲಿ ರೋಗದಿಂದ ಉಳಿಯಿತು!

ಇದರ ಅರ್ಥ ನೋಡ್ರಿ. ದಾಳಿ ಮಾಡ್ತಿರೋದು ಟಿ ಕೋಶ. ದಾಳಿ ನಿಲ್ಲಿಸಿದ್ದೂ ಟಿ ಕೋಶ. ಅಂದ್ರೆ ಆ ಪಡೆಯೊಳಗೇ ಎರಡು ಜಾತಿ ಇವೆ. ಒಂದು ಹೊಡೆಯೋದು, ಇನ್ನೊಂದು 'ಸಾಕು ಬಿಡು' ಅಂತ ತಡೆಯೋದು. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಖರ್ಚು ಮಾಡೋ ಡಿಪಾರ್ಟ್‌ಮೆಂಟ್ ಪಕ್ಕದಲ್ಲೇ ಇಂಟರ್ನಲ್ ಆಡಿಟರ್ ಕೂತಿದ್ದಾನೆ.

ಯಾರೂ ಕೇಳದ ಹತ್ತು ವರ್ಷ

ಇಲ್ಲಿ ಕಥೆ ಕಷ್ಟದ್ದಾಗ್ತದೆ. ತಡೆಯೋ ಕೋಶ ಇರಬಹುದು ಅಂತ 1970ರ ಹೊತ್ತಿಗೇ ಅಮೆರಿಕದ ರಿಚರ್ಡ್ ಗರ್ಷನ್ ಹೇಳಿದ್ದರು. 'ಸಪ್ರೆಸರ್ ಟಿ ಸೆಲ್' ಅಂತ ಅದಕ್ಕೆ ಹೆಸರೂ ಬಂತು. ಒಂದು ದಶಕ ಎಲ್ಲರೂ ಅದರ ಹಿಂದೆ ಬಿದ್ದರು, ಬೇಕಾದಷ್ಟು ಪೇಪರುಗಳು ಬಂದವು. ಆ ಕೋಶಗಳಿಗೆ ಗುರುತು ಕೊಡೋ ಒಂದು ಜೀನ್ ಇಂಥ ಜಾಗದಲ್ಲಿದೆ ಅಂತಲೂ ಹೇಳಿದರು. 1980ರ ದಶಕದ ಆರಂಭದಲ್ಲಿ ಡಿಎನ್‌ಎ ಓದಿ ನೋಡೋ ವಿದ್ಯೆ ಬಂದಾಗ, ಹೇಳಿದ ಜಾಗದಲ್ಲಿ ಆ ಜೀನೇ ಇರಲಿಲ್ಲ.

ಅಲ್ಲಿಗೆ ಇಡೀ ಕ್ಷೇತ್ರದ ಮರ್ಯಾದೆ ಹೋಯಿತು. ಬ್ಯಾಂಕ್ ಒಮ್ಮೆ ಮುಳುಗಿದ ಮೇಲೆ ಆ ಬೀದಿಯಲ್ಲಿ ಯಾರೂ ಠೇವಣಿ ಇಡಲ್ಲವಲ್ಲ, ಹಂಗೆ. ಬಹಳ ಮಂದಿ ಕೈಬಿಟ್ಟು ಹೋದರು. ಸಕಾಗುಚಿ ಮಾತ್ರ ಬಿಡಲಿಲ್ಲ. ಜಾನ್ಸ್ ಹಾಪ್‌ಕಿನ್ಸ್, ಸ್ಟ್ಯಾನ್‌ಫರ್ಡ್, ಸ್ಕ್ರಿಪ್ಸ್ ಅಂತ ಅಮೆರಿಕದ ಸಂಸ್ಥೆಗಳಲ್ಲಿ ಕೆಲಸ ಮಾಡಿ 1990ರ ದಶಕದಲ್ಲಿ ಜಪಾನಿಗೆ ಮರಳಿದರು. ಅವರ ಹತ್ರ ಇದ್ದದ್ದು ದೊಡ್ಡ ಸಿದ್ಧಾಂತ ಅಲ್ಲ, ಆ ಇಲಿಗಳು. ಸಿದ್ಧಾಂತ ಬಿದ್ದುಹೋದರೂ ಇಲಿಗಳಲ್ಲಿ ಕಂಡದ್ದು ಸುಳ್ಳಾಗಿರಲಿಲ್ಲ.

ತಡೆಯೋ ಕೋಶ ಮತ್ತು ಹೊಡೆಯೋ ಕೋಶ ನೋಡೋಕೆ ಒಂದೇ ಥರ. ಬೇರೆ ಮಾಡಿ ತೋರಿಸೋಕೆ ಒಂದು ಗುರುತು ಬೇಕಿತ್ತು. ಅದು ಸಿಕ್ಕಿದ್ದು 1995ರಲ್ಲಿ. ಆ ಕೋಶಗಳ ಮೈಮೇಲೆ ಸಿಡಿ4 ಜೊತೆಗೆ ಸಿಡಿ25 ಅನ್ನೋ ಪ್ರೋಟೀನೂ ಇರ್ತದೆ. ಅವನ್ನ ತೆಗೆದುಹಾಕಿ ಉಳಿದ ಟಿ ಕೋಶಗಳನ್ನ ಮಾತ್ರ ಕೊಟ್ಟರೆ ಇಲಿಗಳು ಕಾಯಿಲೆ ಬೀಳ್ತವೆ, ಅವನ್ನೂ ಸೇರಿಸಿ ಕೊಟ್ಟರೆ ಉಳೀತವೆ. ಇವಕ್ಕೇ ಇವತ್ತು ರೆಗ್ಯುಲೇಟರಿ ಟಿ ಸೆಲ್, ಚಿಕ್ಕದಾಗಿ ಟಿ-ರೆಗ್ ಅನ್ನೋದು. ಆದರೂ ಅನುಮಾನ ಪೂರ್ತಿ ಹೋಗಲಿಲ್ಲ.

ಇಪ್ಪತ್ತನೇ ಜೀನ್

ಅನುಮಾನ ತೀರಿಸಿದ ಸಾಕ್ಷಿ ಬಂದದ್ದು ಬೇರೆ ದಿಕ್ಕಿನಿಂದ. 1940ರ ದಶಕದಲ್ಲಿ ಅಮೆರಿಕದ ಓಕ್ ರಿಜ್‌ನಲ್ಲಿ, ವಿಕಿರಣದ ಪರಿಣಾಮ ಓದೋಕೆ ಸಾಕಿದ ಇಲಿಗಳ ನಡುವೆ, ಚರ್ಮ ಪೊರೆಪೊರೆಯಾಗಿ ಉದುರೋ ಗಂಡುಮರಿಗಳು ಹುಟ್ಟಿದ್ದವು. ಕೆಲವೇ ವಾರ ಬದುಕ್ತಿದ್ದವು. 'ಸ್ಕರ್ಫಿ' ಅಂತ ಹೆಸರಿಟ್ಟು ಆ ತಳಿಯನ್ನ ಉಳಿಸಿಕೊಂಡು ಬಂದಿದ್ದರು. ಅವುಗಳ ಟಿ ಕೋಶಗಳು ತಮ್ಮ ದೇಹವನ್ನೇ ಹಾಳು ಮಾಡ್ತಿವೆ ಅಂತ 1990ರ ದಶಕದಲ್ಲಿ ಗೊತ್ತಾಯಿತು.

ವಾಷಿಂಗ್ಟನ್ ರಾಜ್ಯದ ಬಾಥೆಲ್‌ನ ಒಂದು ಔಷಧ ಕಂಪನಿಯಲ್ಲಿದ್ದ ಬ್ರಂಕೋ, ರಾಮ್ಸ್‌ಡೆಲ್ ಇದರ ಜೀನ್ ಹುಡುಕೋಕೆ ಕೂತರು. ಎಕ್ಸ್ ಕ್ರೋಮೋಸೋಮಿನಲ್ಲಿ ಸುಮಾರು 17 ಕೋಟಿ ಅಕ್ಷರಗಳು. ಹುಡುಕಿ ಹುಡುಕಿ 5 ಲಕ್ಷಕ್ಕೆ ಇಳಿಸಿದರು. ಅಲ್ಲಿದ್ದ ಜೀನ್‌ಗಳು 20. ಒಂದೊಂದಾಗಿ ಪರೀಕ್ಷೆ ಮಾಡಿದರು. ದೋಷ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ, ಅಂದ್ರೆ ಕೊನೆಯದರಲ್ಲಿ! ಫಾಕ್ಸ್‌ಪಿ3 ಅಂತ ಅದಕ್ಕೆ ಹೆಸರಾಯಿತು. ಇದೇ ಜೀನ್ ಮನುಷ್ಯರಲ್ಲಿ ಕೆಟ್ಟರೆ ಗಂಡುಮಕ್ಕಳಿಗೆ ಐಪೆಕ್ಸ್ ಅನ್ನೋ ಭೀಕರ ಕಾಯಿಲೆ ಬರ್ತದೆ ಅಂತ 2001ರಲ್ಲಿ ಪ್ರಕಟವಾಯಿತು. ಎರಡೇ ವರ್ಷದಲ್ಲಿ, 2003ರಲ್ಲಿ, ಸಕಾಗುಚಿ ತಂಡವೂ ಬೇರೆ ತಂಡಗಳೂ ಎರಡು ದಾರಗಳನ್ನ ಸೇರಿಸಿ ಗಂಟು ಹಾಕಿದರು. ಟಿ-ರೆಗ್ ಕೋಶವನ್ನ ಟಿ-ರೆಗ್ ಮಾಡೋದೇ ಫಾಕ್ಸ್‌ಪಿ3.

ಕ್ಯಾನ್ಸರಿನ ಜಾಣತನ

ಈಗ ನಮ್ಮ ವಾಟ್ಸಾಪ್ ಮೆಸೇಜಿಗೆ ಬರೋಣ. ತಡೆಯೋ ಕೋಶ ದೇಹವನ್ನ ಕಾಪಾಡ್ತದೆ, ಸರಿ. ಆದರೆ ಕ್ಯಾನ್ಸರ್ ಕೋಶವೂ ನಮ್ಮದೇ ದೇಹದ್ದು. ಅದು ಹೊರಗಿನ ಕಳ್ಳ ಅಲ್ಲ, ದಾರಿತಪ್ಪಿದ ಮನೆಮಗ. ಬಹಳಷ್ಟು ಗಡ್ಡೆಗಳು ಟಿ-ರೆಗ್ ಕೋಶಗಳನ್ನ ತಮ್ಮ ಹತ್ರ ಎಳೆದುಕೊಂಡು ಸುತ್ತ ಗೋಡೆ ಕಟ್ಟಿಕೊಳ್ತವೆ. ಹೊಡೆಯೋ ಕೋಶಗಳು ಬಾಗಿಲ ತನಕ ಬಂದಿರ್ತವೆ, ಆದರೆ 'ಇವನು ನಮ್ಮವನೇ, ಬಿಡು' ಅಂತ ತಡೆ ಬೀಳ್ತದೆ.

ಇದನ್ನೂ ಸಕಾಗುಚಿ ತಂಡ 1999ರಲ್ಲೇ ಇಲಿಗಳಲ್ಲಿ ತೋರಿಸಿತ್ತು. ಸಿಡಿ25 ಇರೋ ಕೋಶಗಳನ್ನ ತೆಗೆದರೆ, ಗಡ್ಡೆಗಳನ್ನ ಇಲಿಯ ದೇಹವೇ ಹೊಡೆದುಹಾಕ್ತಿತ್ತು. ಗಮನಿಸಿ, ಅವರು 'ಪವರ್' ಏನೂ ಸೇರಿಸಲಿಲ್ಲ. ತಡೆ ತೆಗೆದರು ಅಷ್ಟೇ.

ಮನುಷ್ಯರ ಔಷಧಿಯಲ್ಲೂ ಇದೇ ತರ್ಕ ಗೆದ್ದಿದೆ. 2018ರಲ್ಲಿ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ ನೊಬೆಲ್ ಬಂದದ್ದು ಟಿ ಕೋಶಗಳ ಮೇಲಿನ ಬ್ರೇಕ್ ಸಡಿಲಿಸೋ ಚಿಕಿತ್ಸೆಗೆ. ಆ ಬ್ರೇಕುಗಳಲ್ಲಿ ಒಂದಾದ ಸಿಟಿಎಲ್‌ಎ-4 ಟಿ-ರೆಗ್ ಕೋಶಗಳ ಮುಖ್ಯ ಅಸ್ತ್ರ ಅಂತ ಸಕಾಗುಚಿ ತಂಡ 2008ರಲ್ಲಿ ತೋರಿಸಿತು. ಅದರ ಮೇಲೆ ಕೆಲಸ ಮಾಡೋ ಇಪಿಲಿಮುಮ್ಯಾಬ್ ಔಷಧಿಗೆ 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮುಂಚೆ ಆಸೆ ಬಿಟ್ಟಿದ್ದ ಚರ್ಮದ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರು ವರ್ಷಗಟ್ಟಲೆ ಬದುಕಿದರು.

ಆದರೆ ಬ್ರೇಕ್ ತೆಗೆದದ್ದಕ್ಕೆ ಬೆಲೆಯೂ ಇದೆ. ಕಬ್ಬು ಹೇರಿದ ಎರಡು ಟ್ರೇಲರ್ ಟ್ರ್ಯಾಕ್ಟರ್ ಇಳಿಜಾರಿನಲ್ಲಿ ಬರೋದನ್ನ ನಾವೆಲ್ಲ ನೋಡೇವಿ. ಎಂಜಿನ್ ಎಷ್ಟು ಮುಖ್ಯವೋ ಬ್ರೇಕ್ ಅದಕ್ಕಿಂತ ಮುಖ್ಯ. ಈ ಔಷಧಿಗಳನ್ನ ತಗೊಂಡ ಕೆಲವರಲ್ಲಿ ದೊಡ್ಡ ಕರುಳು, ಥೈರಾಯ್ಡ್, ಚರ್ಮ, ಶ್ವಾಸಕೋಶದ ಮೇಲೆ ಸ್ವಂತ ಟಿ ಕೋಶಗಳೇ ದಾಳಿ ಮಾಡ್ತವೆ. 1969ರ ಇಲಿಗಳ ಅಂಡಾಶಯಕ್ಕೆ ಆದದ್ದೇ ಬೇರೆ ಅಂಗದಲ್ಲಿ ಆಗ್ತದೆ. ಅದಕ್ಕೇ ಈ ಚಿಕಿತ್ಸೆ ಆಸ್ಪತ್ರೆಯಲ್ಲಿ, ಪರೀಕ್ಷೆ ಮಾಡ್ತಾ ಮಾಡ್ತಾ ಕೊಡೋದು.

ಇಡೀ ದೇಹದ ಟಿ-ರೆಗ್ ಬಿಟ್ಟು, ಗಡ್ಡೆಯೊಳಗಿರೋದನ್ನ ಮಾತ್ರ ತೆಗೆಯೋದು ಹೇಗೆ? ಉಲ್ಟಾ ಕಡೆಯಿಂದ, ಕಿಡ್ನಿ ಕಸಿ ಆದವರಿಗೆ, ಟೈಪ್ 1 ಡಯಾಬಿಟಿಸ್ ಇರೋರಿಗೆ ಟಿ-ರೆಗ್ ಹೆಚ್ಚು ಮಾಡೋದು ಹೇಗೆ? ಈ ಎರಡೂ ಪ್ರಶ್ನೆಗಳ ಮೇಲೆ ಈಗ ಜಗತ್ತಿನಾದ್ಯಂತ ಪ್ರಯೋಗಗಳು ನಡೀತಿವೆ.

ನಮ್ಮ ಲೆಕ್ಕಕ್ಕೆ ಏನು ಬಂತು?

ನಮ್ಮ ದೇಶವೂ ಸುಮ್ಮನೆ ಕೂತಿಲ್ಲ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಇಮ್ಯೂನೀಲ್ 2025ರಲ್ಲಿ ಕಾರ್ಟೆಮಿ ತಂದಿತು. ಇವು ಟಿ-ರೆಗ್ ದಾರಿಯವಲ್ಲ, ರೋಗಿಯ ಟಿ ಕೋಶಗಳನ್ನೇ ಹೊರಗೆ ತೆಗೆದು ಬದಲಿಸಿ ಮರಳಿ ಕೊಡೋ ದಾರಿ. ಕೆಲವು ರಕ್ತದ ಕ್ಯಾನ್ಸರುಗಳಿಗೆ ಮಾತ್ರ, ಖರ್ಚೂ ಲಕ್ಷಗಳಲ್ಲಿ. ಬನಹಟ್ಟಿಯ ಮಗ್ಗದ ಮನೆಗೆ, ಬೀಳಗಿಯ ಹೊಲದ ಮನೆಗೆ ಅದು ಇನ್ನೂ ದೂರ. ಆ ದೂರ ಕಡಿಮೆ ಮಾಡಿ ಅಂತ ಸರ್ಕಾರವನ್ನ ಕೇಳೋ ಹಕ್ಕು ನಮಗಿದೆ.

ಆದರೆ ಒಂದು ತಿಳುವಳಿಕೆಗೆ ದುಡ್ಡು ಬೇಕಿಲ್ಲ. ಮುಂದಿನ ಸಲ ಯಾರಾದರೂ 'ಇಮ್ಯುನಿಟಿ ಪವರ್' ಡಬ್ಬಿ ಹಿಡಿದು ಮನೆಗೆ ಬಂದರೆ ಜಗಳ ಮಾಡಬೇಡಿ. ಕೂರಿಸಿ, ಚಹಾ ಕೊಡಿ, ಒಂದೇ ಪ್ರಶ್ನೆ ಕೇಳಿ: 'ಯಾವ ಕೋಶ ಹೆಚ್ಚಾಗ್ತದ್ರಿ ಇದರಿಂದ, ಹೊಡೆಯೋದೋ, ತಡೆಯೋದೋ?' ಸಕಾಗುಚಿ ಅವರಿಗೆ ಈ ಎರಡನ್ನ ಬೇರೆ ಮಾಡಿ ತೋರಿಸೋಕೆ ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಡಬ್ಬಿಯ ಮೇಲಿನ ಲೇಬಲ್ಲಿಗೆ ಆ ಉತ್ತರ ಗೊತ್ತಿರಲ್ಲ.

ಮನೆಯಲ್ಲಿ ಯಾರಿಗಾದರೂ ಗಂಟು, ವಾಸಿಯಾಗದ ಬಾಯಿ ಹುಣ್ಣು ಕಂಡರೆ ಮೂರು ತಿಂಗಳು ಕಾಯಬೇಡಿ, ಡಾಕ್ಟರಿಗೆ ತೋರಿಸಿ. ಈ ಎಪಿಸೋಡನ್ನ ನಿಮ್ಮ ಮನೆಯ ಫ್ಯಾಮಿಲಿ ಗ್ರೂಪಿಗೆ ಕಳಿಸಿ, ಆ ಮೆಸೇಜು ಬಂದ ಗ್ರೂಪಿಗೇ. ಮುಂದಿನ ವಾರ ಸಿಗೋಣ. ಬರ್ತೀನ್ರಿ.