ಅಠ್‌ಪುಲಾ ಕಟ್ಟಿಸಿದವರು ಯಾರು?

ಲೋದಿ ಎಸ್ಟೇಟಿನ ಕನ್ನಡ ಶಾಲೆಯಲ್ಲಿ ಸಮಾರಂಭ ಮುಗಿಸಿಕೊಂಡು, ಪುಳಿಯೋಗರೆ ಮೊಸರನ್ನದ ಡಬ್ಬಿಗಳೊಡನೆ ಲೋದಿ ಉದ್ಯಾನಕ್ಕೆ ಹೋಗಿ ಚಳಿಗಾಲದ ಬಿಸಿಲಿನಲ್ಲಿ ಕುಳಿತುಕೊಳ್ಳುವ ಸುಖ ದೆಹಲಿ ಕನ್ನಡಿಗರಿಗೆ ಹೊಸದಲ್ಲ. ಹೀಗೆ ಹೋದ ಒಂದು ಭಾನುವಾರ, ಸಿಕಂದರ ಲೋದಿಯ ಗೋರಿಯ ಪೂರ್ವಕ್ಕಿರುವ ಕಲ್ಲಿನ ಸೇತುವೆಯ ಬಳಿ ನಮ್ಮ ಮಗ ನಿಂತುಬಿಟ್ಟ. "ಅಪ್ಪಾ, ಅಠ್‌ಪುಲಾ ಅಂದರೆ ಎಂಟು ಇರಬೇಕಲ್ಲ? ಕಮಾನು ಏಳೇ ಇದೆ" ಎಂದ. ಶಾಲೆಗೆ ಅವನು ಬರೆದಿದ್ದ ಪ್ರಬಂಧದಲ್ಲಿ ಇದು ಲೋದಿ ಸುಲ್ತಾನರು ಕಟ್ಟಿಸಿದ ಎಂಟು ಕಮಾನಿನ ಸೇತುವೆಯಾಗಿತ್ತು.

ಲೆಕ್ಕದ ತೊಡಕು ಬೇಗ ಬಿಡಿಸಿತು. ಏಳು ಕಮಾನುಗಳನ್ನು ಹೊರಲು ಎಂಟು ಆಧಾರಗಂಬಗಳು ಬೇಕು. ಹೆಸರು ಎಣಿಸುವುದು ಕಂಬಗಳನ್ನು. ನಿಜಾಮುದ್ದೀನಿನ ಕಡೆಯ ಬಾರಾಪುಲಾ ಸೇತುವೆಯಲ್ಲಿಯೂ ಕಮಾನು ಹನ್ನೊಂದು, ಕಂಬ ಹನ್ನೆರಡು. ಬಿ.ಎಸ್ಸಿ. ಓದಿದ್ದು ಇಷ್ಟಕ್ಕಾದರೂ ಬಂತೆಂದು ನಾವು ಹಿಗ್ಗುತ್ತಿರುವಾಗಲೇ ನಮ್ಮಾಕೆ ಖಿಡಕಿಯ ಸತ್‌ಪುಲಾ ನೆನಪಿಸಿದರು. ಮುಹಮ್ಮದ್ ಬಿನ್ ತುಘಲಕನ ಕಾಲದ ಆ ಅಣೆಕಟ್ಟಿನ ಹೆಸರಿನ ಏಳು ಕಂಬದ ಲೆಕ್ಕವಲ್ಲ, ನೀರು ಬಿಡುವ ಮುಖ್ಯ ಕಂಡಿಗಳ ಲೆಕ್ಕ. ಜನ ಇಡುವ ಹೆಸರಿಗೆ ಸೂತ್ರ ಹುಡುಕಬಾರದು.

ಕಟ್ಟಿಸಿದವರ ಪ್ರಶ್ನೆ ಅಷ್ಟು ಸುಲಭವಲ್ಲ. ಉದ್ಯಾನಕ್ಕೆ ಲೋದಿಗಳ ಹೆಸರಿರುವುದರಿಂದ ಒಳಗಿನದೆಲ್ಲ ಅವರದೇ ಎಂದು ಭಾವಿಸುವವರು ಹಲವರು. ಆದರೆ ಸಯ್ಯದ್ ವಂಶದ ಮುಹಮ್ಮದ್ ಶಾನ ಗೋರಿ ಲೋದಿಗಳು ಪಟ್ಟಕ್ಕೆ ಬರುವ ಮೊದಲಿನದು. ಸೇತುವೆಯಾದರೋ ಅವರು ಹೋದ ಮೇಲಿನದು. ಸಿಕಂದರ ಲೋದಿ 1517ರಲ್ಲಿ ತೀರಿಕೊಂಡ. 1526ರ ಪಾಣಿಪತದಲ್ಲಿ ಆ ವಂಶದ ಆಳ್ವಿಕೆಯೇ ಮುಗಿಯಿತು. ಸೇತುವೆಯನ್ನು ಅಕ್ಬರನ ಕಾಲಕ್ಕೆ, ಎಂದರೆ 1556ರಿಂದ 1605ರೊಳಗಿನ ಅವಧಿಗೆ ಸೇರಿಸುತ್ತಾರೆ. ಐವತ್ತು ವರ್ಷಗಳ ಈ ಹರವಿನಲ್ಲಿ ಯಾವ ವರ್ಷ? ಅದೇ ಉದ್ಯಾನದ ಬಡಾ ಗುಂಬದ್ ಪಕ್ಕದ ಮಸೀದಿಯಲ್ಲಿ 1494ನೆಯ ಇಸವಿಗೆ ಸರಿಹೊಂದುವ ಶಾಸನವಿದೆ. ಬಾರಾಪುಲಾಕ್ಕೂ ಜಹಾಂಗೀರನ ಅಂತಃಪುರದ ಅಧಿಕಾರಿ ಮಿಹರ್‌ಬಾನ್ ಆಗಾನ ಹೆಸರಿದ್ದ ಶಾಸನವಿತ್ತು. ಅಠ್‌ಪುಲಾವನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರೂ ನಮ್ಮ ಕಣ್ಣಿಗೆ ಒಂದಕ್ಷರ ಬೀಳಲಿಲ್ಲ.

ನವಾಬ್ ಬಹಾದೂರ್ ಎಂಬಾತ ಕಟ್ಟಿಸಿದ ಎನ್ನುವುದು ವಾಡಿಕೆ. ಆದರೆ ನವಾಬ್ ಬಹಾದೂರ್ ಎನ್ನುವುದು ಬಿರುದು, ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹದಿನೆಂಟನೆಯ ಶತಮಾನದಲ್ಲಿ ಅಹಮದ್ ಶಾನ ಆಸ್ಥಾನದಲ್ಲಿ ಮೆರೆದು 1752ರಲ್ಲಿ ಕೊಲೆಯಾದ ಜಾವೀದ್ ಖಾನನಿಗೂ ಇದೇ ಬಿರುದಿತ್ತು. ಅವನಿಗೂ ಅಕ್ಬರನಿಗೂ ನಡುವೆ ಒಂದೂವರೆ ಶತಮಾನ. ಕಡತದಲ್ಲಿ ಸಹಿ ಇಲ್ಲದೆ ಹುದ್ದೆಯ ಮೊಹರು ಮಾತ್ರ ಇದ್ದರೆ ಆ ಕಾಗದ ಯಾರದೆಂದು ಹೇಳಲು ನಮ್ಮಂಥ ಗುಮಾಸ್ತರು ಹಿಂಜರಿಯುತ್ತೇವೆ. ಇಲ್ಲಿಯೂ ಅದೇ ಕಥೆ. ಹಾಗೆಂದು ವಾಡಿಕೆಯನ್ನು ತಳ್ಳಿಹಾಕುವಂತಿಲ್ಲ; ಅಕ್ಬರನ ಕಾಲ ಎಂಬುದನ್ನು ಹೆಚ್ಚು ನಂಬಬಹುದು, ವ್ಯಕ್ತಿಯನ್ನು ಕಡಿಮೆ ಎಂಬುದು ನಮ್ಮ ಅಭಿಪ್ರಾಯ.

ಇನ್ನೊಂದು ಮಾತು. ಕೆರೆ, ಬಾತುಕೋಳಿ, ಸುತ್ತಲಿನ ಹಸಿರು ನೋಡಿದವರಿಗೆ ಇದು ಅಂದಕ್ಕೆಂದೇ ಕಟ್ಟಿದ ಸೇತುವೆ ಎನಿಸುತ್ತದೆ. ಹಾಗಲ್ಲ. ಯಮುನೆಗೆ ಹರಿದು ಸೇರುತ್ತಿದ್ದ ಹಳ್ಳವನ್ನು ಜನ ದಾಟಲೆಂದು ಕಟ್ಟಿದ್ದು. ನಡುವಣ ಕಮಾನು ಎಲ್ಲಕ್ಕಿಂತ ದೊಡ್ಡದು, ಅಂಚಿನವು ಚಿಕ್ಕವು. ಹಳ್ಳದಲ್ಲಿ ನೀರಿನ ಸೆಳೆತ ಎಲ್ಲಿ ಹೆಚ್ಚೋ ಅಲ್ಲಿ ದಾರಿ ಅಗಲ. ಆಗ ಇಲ್ಲಿ ಉದ್ಯಾನವಿರಲಿಲ್ಲ. ಗೋರಿಗಳ ಸುತ್ತ ಖೈರ್‌ಪುರವೆಂಬ ಹಳ್ಳಿಯೇ ಬೆಳೆದಿತ್ತು. ಹಳ್ಳಿಯವರನ್ನು ಬೇರೆಡೆಗೆ ಕಳಿಸಿ, ಹುಲ್ಲುಹಾಸು ಹಾಕಿ, 1936ರ ಏಪ್ರಿಲ್‌ನಲ್ಲಿ ವೈಸರಾಯರ ಪತ್ನಿಯ ಹೆಸರಿನಲ್ಲಿ ಲೇಡಿ ವಿಲ್ಲಿಂಗ್ಡನ್ ಪಾರ್ಕ್ ತೆರೆದರು. ಸ್ವಾತಂತ್ರ್ಯ ಬಂದ ಮೇಲೆ ಅದು ಲೋದಿ ಉದ್ಯಾನವಾಯಿತು. 1968ರಲ್ಲಿ ಜೋಸೆಫ್ ಸ್ಟೈನ್, ಗ್ಯಾರೆಟ್ ಎಕ್ಬೊ ಸೇರಿ ಮತ್ತೆ ಹೊಸದಾಗಿ ರೂಪಿಸಿದರು. ಹಳ್ಳ ಹೋಗಿ ಕೆರೆಯಾಯಿತು, ದುಡಿಯುತ್ತಿದ್ದ ಸೇತುವೆ ಅಲಂಕಾರವಾಯಿತು. ಊರು ಬಿಟ್ಟು ಬಂದ ನಮಗೆ ಆ ಖೈರ್‌ಪುರದವರು ಎಲ್ಲಿ ನೆಲೆಸಿದರೋ ಎಂಬ ಯೋಚನೆ ಬಾರದೆ ಇರಲಿಲ್ಲ.

ಮನೆಗೆ ಬಂದು ಮಗ ಪ್ರಬಂಧದ ಹಾಳೆ ತೆಗೆದ. ಎಂಟು ಕಮಾನು ಹೊಡೆದು ಏಳು ಎಂದು ತಿದ್ದಿದ. ಲೋದಿ ಎಂಬಲ್ಲಿ ಪೆನ್ನು ನಿಂತಿತು.

"ಹಾಗಾದರೆ ಯಾರು ಅಂತ ಬರೀಲಿ?"

"ಅಕ್ಬರನ ಕಾಲದ್ದು, ನವಾಬ್ ಬಹಾದೂರ್ ಕಟ್ಟಿಸಿದನೆಂದು ಹೇಳುತ್ತಾರೆ, ಅಂತ ಬರಿ."

"'ಹೇಳುತ್ತಾರೆ' ಅಂದರೆ ಮೇಷ್ಟ್ರು ಮಾರ್ಕು ಕಡಿಮೆ ಮಾಡ್ತಾರೆ" ಎಂದು ಗೊಣಗಿದ. ಆದರೂ ಹಾಗೆಯೇ ಬರೆದ.