ಹೇರಿನ ಹಿಂದಿನ ಹುಲ್ಲು

ಮಧ್ಯರಾತ್ರಿ ಕಳೆದು ದಾವಣಗೆರೆಯ ಸರಸ್ವತಿ ನಗರದ ಬೀದಿಗಳಲ್ಲಿ ಸದ್ದಡಗಿದ ಮೇಲೆ ಹೆದ್ದಾರಿಯ ಲಾರಿಗಳ ಮೊರೆತ ನನ್ನ ಕೋಣೆಗೆ ಕೇಳಿಬರುತ್ತದೆ. ಪುಣೆಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಪುಣೆಗೆ ಹೇರು ಹೊತ್ತು ಸಾಗುವ ಈ ಸಾಲಿಗೆ ಕೊನೆಯೆಂಬುದಿಲ್ಲ. ನಾನು ಕನ್ನಡ ಪಾಠ ಹೇಳುವವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ‘ಹೇರು’ ಎಂಬ ಮಾತು ನನ್ನ ವಿಷಯ. ನಮ್ಮ ಹಳೆಯ ಶಾಸನಗಳಲ್ಲಿ ಸುಂಕವನ್ನೂ ದೇವರಿಗೆ ಬಿಟ್ಟ ದತ್ತಿಯನ್ನೂ ಹೇರಿನ ಲೆಕ್ಕದಲ್ಲಿ ಹೇಳಿರುವುದುಂಟು. ಎತ್ತಿನ ಬೆನ್ನು ತಾಳುವಷ್ಟು ಸರಕು ಒಂದು ಹೇರು. ಅಲ್ಲಿ ಅಳತೆಗೆ ಆಧಾರ ತಕ್ಕಡಿಯಲ್ಲ, ಪ್ರಾಣಿಯ ಬೆನ್ನು. ಹೊರುವ ಜೀವದ ಶಕ್ತಿಯೆಷ್ಟೆಂಬುದು ಆ ಮಾತಿನೊಳಗೇ ಅಡಗಿತ್ತು. ಇಂದಿನ ‘ಟನ್ನಿ’ನಲ್ಲಿ ಅದು ಕಾಣಿಸದು.

ಸರಕಿನ ಸಾಗಣೆ ನೆಲಕ್ಕೂ ಗಾಳಿಗೂ ಭಾರವಾಗದಂತೆ ನಡೆಯುವುದು ಹೇಗೆಂದು ಈಗ ದೇಶದೇಶಗಳ ವಿದ್ವಾಂಸರು ಒಂದುಗೂಡಿ ಶೋಧನೆ ನಡೆಸುತ್ತಿದ್ದಾರೆ. ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಸ್ಕಾಟ್ಲೆಂಡಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯಗಳು ೨೦೧೨ರಲ್ಲಿ ಇದಕ್ಕೆಂದೇ ಒಂದು ಕೇಂದ್ರವನ್ನು ತೆರೆದವು. ಪ್ರಶ್ನೆ ಹೊಸದೆಂದು ವಾಚಕರು ಭಾವಿಸಬಹುದು. ಆದರೆ ನಮ್ಮ ಸೀಮೆ ಈ ಪ್ರಶ್ನೆಗೆ ಒಮ್ಮೆ ಉತ್ತರ ಕೊಟ್ಟಿತ್ತು. ಆ ಉತ್ತರವನ್ನು ಕೈಬಿಟ್ಟು ಪಶ್ಚಾತ್ತಾಪವನ್ನೂ ಪಟ್ಟಿತ್ತು.

ದಾವಣಗೆರೆ ಪಟ್ಟಣವೇ ಹೇರಿನ ಕೂಸು. ಹೆಸರಿಲ್ಲದ ಹಳ್ಳಿಯಾಗಿದ್ದ ಇದನ್ನು ಹೈದರಾಲಿ ತನ್ನನ್ನು ಸೇರಿದ್ದ ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆತಂದು ನೆಲೆಗೊಳಿಸಿದ. ಮಲೆನಾಡಿನ ಅಡಿಕೆ ಮೆಣಸುಗಳು ಇಲ್ಲಿಂದ ದೂರದ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿದ್ದವು. ಮದರಾಸಿನ ರೇವಿಗೆ ಬಂದಿಳಿದ ಹೊರದೇಶದ ಸಾಮಾನು ಅದೇ ದಾರಿಯಲ್ಲಿ ಇತ್ತ ಬರುತ್ತಿತ್ತು. ಇಲ್ಲಿನ ಕಂಬಳಿಗೂ ಆಗ ದೊಡ್ಡ ಹೆಸರಿತ್ತು. ಪಕ್ಕದ ಹರಿಹರದಲ್ಲಿ ತುಂಗಭದ್ರೆ ತುಂಬಿ ಬಂದರೆ ಹರಿಗೋಲನ್ನೇ ನಂಬಬೇಕಾಗಿತ್ತು. ೧೮೬೮ರಲ್ಲಿ ಅಲ್ಲಿ ಕಲ್ಲು ಇಟ್ಟಿಗೆಗಳ ಸೇತುವೆ ಮುಗಿಯಿತು. ಅರವತ್ತು ಅಡಿ ಅಗಲದ ಹದಿನಾಲ್ಕು ಕಮಾನುಗಳು. ತಗುಲಿದ ವೆಚ್ಚ ಸುಮಾರು ಮೂರು ಲಕ್ಷ ರೂಪಾಯಿ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿ ಅದರ ಮೇಲೆ ಹಾಯ್ದಿತು.

ರಸ್ತೆಯೂ ಸೇತುವೆಯೂ ಕಣ್ಣಿಗೆ ಕಾಣುವಂಥವು. ಅವುಗಳ ಮೇಲೆ ಹೇರನ್ನೆಳೆಯುವ ಶಕ್ತಿ ಎಲ್ಲಿಂದ ಬರಬೇಕು? ಮೈಸೂರು ಸಂಸ್ಥಾನ ಇದನ್ನು ಬಹು ಹಿಂದೆಯೇ ಯೋಚಿಸಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆಚಾವಡಿ’ಯೇ ಟಿಪ್ಪುವಿನ ಕಾಲಕ್ಕೆ ‘ಅಮೃತಮಹಲ್’ ಆಯಿತು. ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ತಳಿಗಳು ಅದರಲ್ಲಿ ಕೂಡಿದವು. ಇವುಗಳಲ್ಲಿ ಚಿತ್ರದುರ್ಗದ ತಳಿ ಪಾಳೆಯಗಾರರ ಮಂದೆಯಿಂದ ಬಂದದ್ದು. ಚಿದಂಬರದ ನೆರವಿಗೆಂದು ಹೈದರನ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಇವುಗಳನ್ನು ಬಳಸಿದ ವೆಲ್ಲೆಸ್ಲಿ, ಮುಂದೆ ಸ್ಪೇನು ಪೋರ್ಚುಗಲ್ಲುಗಳ ಯುದ್ಧದಲ್ಲಿ ಅವು ತನ್ನ ಬಳಿಯಿಲ್ಲವೆಂದು ಹಳಹಳಿಸಿದನಂತೆ.

ಎತ್ತುಗಳಿಗಿಂತ ನನಗೆ ಹೆಚ್ಚು ಸೋಜಿಗವೆನಿಸುವುದು ಅವುಗಳ ಹಿಂದಿದ್ದ ಹುಲ್ಲು. ಮಂದೆಗಳಿಗಾಗಿ ಸಂಸ್ಥಾನ ಬಯಲುಗಳನ್ನು ‘ಕಾವಲು’ಗಳೆಂದು ಕಾಯ್ದಿರಿಸಿತ್ತು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವುಗಳಲ್ಲಿ ಮೂರು ಬಗೆ. ಒಂದೆಡೆಯ ಹುಲ್ಲು ಮುಗಿಯುವ ಮೊದಲೇ ಮಂದೆ ಇನ್ನೊಂದೆಡೆಗೆ ಸಾಗುತ್ತಿತ್ತು. ಬಿಟ್ಟ ನೆಲ ಮತ್ತೆ ಚಿಗುರುತ್ತಿತ್ತು. ಸಾಗಣೆಯ ಶಕ್ತಿಗೆ ನೆಲ ಬೇಕು, ಆ ನೆಲಕ್ಕೆ ವಿಶ್ರಾಂತಿಯೂ ಬೇಕು ಎಂಬ ಅರಿವು ಆ ಏರ್ಪಾಡಿನಲ್ಲಿತ್ತು. ಅದರ ಮುಖ್ಯ ಉದ್ದೇಶ ಯುದ್ಧವೆಂಬುದನ್ನು ನಾನು ಮರೆಮಾಚಲಾರೆ. ಆದರೂ ಲೆಕ್ಕ ಸರಿಯಾಗಿತ್ತು.

೧೮೬೦ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ನನು ಮಿತವ್ಯಯದ ಹೆಸರಿನಲ್ಲಿ ಮಂದೆಗಳನ್ನು ಮಾರಿಸಿಬಿಟ್ಟ. ಒಂದು ಪಾಲು ಈಜಿಪ್ತಿನ ಪಾಷಾನ ವಶವಾಯಿತು. ಎತ್ತುಗಳ ಅಭಾವ ಬೇಗನೆ ತಿಳಿಯಿತು. ೧೮೬೬ರಲ್ಲಿ ಸರ್ಕಾರ ಅದೇ ಸಂಸ್ಥೆಯನ್ನು ಮತ್ತೆ ಕಟ್ಟಬೇಕಾಯಿತು. ಉಳಿಸಿದ ಹಣ ಪುಸ್ತಕದಲ್ಲಿ ಕಂಡಿತ್ತು, ಕಳೆದುಕೊಂಡದ್ದು ಕಂಡಿರಲಿಲ್ಲ. ಅಜ್ಜಂಪುರದಲ್ಲಿ ಈ ತಳಿಯ ಸಂವರ್ಧನೆ ಇಂದಿಗೂ ನಡೆದಿದೆ.

ಮುಂದೆ ರೈಲು ಬಂತು, ಲಾರಿ ಬಂತು. ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ರಸ್ತೆಯನ್ನು ಕೊರೆಯುತ್ತದೆಂಬ ದೂರು ಎದ್ದಿತು. ೧೯೨೭ರಲ್ಲಿ ಜಯಕರ್ ಸಮಿತಿ ನೇಮಕವಾಯಿತು. ೧೯೩೪ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಸ್ವಾತಂತ್ರ್ಯಾನಂತರ ದೆಹಲಿಯಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ ಸ್ಥಾಪಿತವಾಯಿತು. ೧೯೭೦ರ ದಶಕದಿಂದ ವಿಶ್ವಬ್ಯಾಂಕಿನ ನೆರವಿನೊಡನೆ ಕೀನ್ಯಾ, ಬ್ರೆಜಿಲ್, ಕೆರಿಬಿಯನ್ ದ್ವೀಪಗಳು ಮತ್ತು ಭಾರತದಲ್ಲಿ ದೊಡ್ಡದೊಂದು ಅಧ್ಯಯನ ನಡೆಯಿತು. ರಸ್ತೆ ಒರಟಾದಷ್ಟೂ ಡೀಸೆಲ್ಲು, ಟೈರು, ಬಿಡಿಭಾಗಗಳ ಖರ್ಚು ಎಷ್ಟೆಷ್ಟು ಏರುತ್ತದೆಂಬುದನ್ನು ಅಲ್ಲಿ ಅಳೆದರು. ರಸ್ತೆ ಸರಿಪಡಿಸುವ ಹಣಕ್ಕೂ ಲಾರಿಯವನ ಜೇಬಿಗೂ ಇರುವ ನಂಟು ಅಂಕಿಗಳಲ್ಲಿ ಸ್ಪಷ್ಟವಾಯಿತು. ವಾಹನದ ಹೊಗೆ ಆ ಲೆಕ್ಕಕ್ಕೆ ಸೇರಿದ್ದು ೨೦೦೦ದ ಹೊತ್ತಿಗೆ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ. ನಮ್ಮ ಹೆದ್ದಾರಿಯೂ ಈಗ ಅಂತರರಾಷ್ಟ್ರೀಯವೇ: ೨೦೦೫ರಲ್ಲಿ ಜಾರಿಗೆ ಬಂದ ಏಷ್ಯನ್ ಹೆದ್ದಾರಿ ಒಪ್ಪಂದದಲ್ಲಿ ಅದಕ್ಕೆ ೪೭ನೆಯ ಸಂಖ್ಯೆಯಿದೆ.

ಲಾರಿಯ ಈ ಯುಗದಲ್ಲೂ ಎತ್ತನ್ನು ಮರೆಯದವರೊಬ್ಬರಿದ್ದರು. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಸ್ಥಾಪಕ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ೧೯೭೯ರಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನು ಕುರಿತು ದೊಡ್ಡ ವರದಿ ಬರೆದರು. ದೇಶದಲ್ಲಿ ಆಗ ಒಂದು ಕೋಟಿಗೂ ಮೀರಿ ಗಾಡಿಗಳಿದ್ದವು. ನೊಗ ಕತ್ತನ್ನು ಹುಣ್ಣು ಮಾಡುತ್ತದೆ, ಬೇರಿಂಗಿಲ್ಲದ ಚಕ್ರ ಪ್ರಾಣಿಯ ಬಲವನ್ನು ತಿಂದುಹಾಕುತ್ತದೆ ಎಂದು ಅವರು ಎತ್ತಿ ತೋರಿಸಿದರು. ನಕ್ಕವರಿದ್ದರು. ಆದರೆ ೧೯೮೧ರಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆ ಹೊಸ ಶಕ್ತಿಮೂಲಗಳ ಸಮ್ಮೇಳನ ನಡೆಸಿದಾಗ, ಭಾರತದ ಪಶುಶಕ್ತಿಯ ಮಾತನ್ನು ಪ್ರಧಾನಿ ಇಂದಿರಾ ಗಾಂಧಿಯವರೇ ಅಲ್ಲಿ ಆಡಿದರು.

ಇರಲಿ. ಎತ್ತಿನ ಗಾಡಿ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಈ ಊರಿಗೆ ಬರುವ ಅಕ್ಕಿ, ಔಷಧ, ಪುಸ್ತಕಗಳೆಲ್ಲ ಲಾರಿಯಿಂದಲೇ ಇಳಿಯಬೇಕು. ನನ್ನ ಕಳವಳ ಕಾವಲುಗಳದು. ಕೆಲವು ವರ್ಷಗಳ ಹಿಂದೆ ಚಳ್ಳಕೆರೆಯ ಕಡೆಗೆ ಹೋಗಿದ್ದೆ. ಅಲ್ಲಿ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಬಯಲನ್ನು ೨೦೦೮ರ ತರುವಾಯ ರಕ್ಷಣೆ, ಅಣುವಿಜ್ಞಾನ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಲಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೇ ಸುಮಾರು ೧,೫೦೦ ಎಕರೆ ಬಂದಿದೆ. ಹುಲ್ಲುಬಯಲಿಗೆ ಗೋಡೆ ಎದ್ದಿತು. ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದ ಹಳ್ಳಿಗಳವರು ಹಸಿರು ನ್ಯಾಯಮಂಡಳಿಯ ಬಾಗಿಲು ತಟ್ಟಿದರು. ಸಂಶೋಧನೆ ನಾಡಿಗೆ ಬೇಕು, ನಿಜ. ಆದರೆ ಸರ್ಕಾರದ ದಫ್ತರದಲ್ಲಿ ಖಾಲಿಯೆಂದು ತೋರಿದ ಆ ನೆಲ ಖಾಲಿಯಿರಲಿಲ್ಲ.

ಈ ಮಾತಿಗೂ ನಾಳಿನ ಲಾರಿಗೂ ಸಂಬಂಧವಿದೆ. ಲಾರಿಗಳು ವಿದ್ಯುತ್ತಿನಿಂದ ಓಡುವ ದಿನ ಬರಲಿದೆಯೆಂದು ಹೇಳುತ್ತಾರೆ. ಬರಲಿ, ಹೊಗೆ ಕಡಿಮೆಯಾಗಲಿ. ಆದರೆ ಆ ವಿದ್ಯುತ್ತು ಬೆಳೆಯುವುದೂ ನೆಲದಲ್ಲಿಯೇ. ಪಾವಗಡದ ೨,೦೫೦ ಮೆಗಾವಾಟಿನ ಸೌರಸ್ಥಾವರ ಹಬ್ಬಿರುವುದು ಸುಮಾರು ೧೩,೦೦೦ ಎಕರೆಯಲ್ಲಿ. ಅಲ್ಲಿ ರೈತರ ಭೂಮಿಯನ್ನು ಕೊಳ್ಳದೆ ವರ್ಷದ ಗುತ್ತಿಗೆ ಕೊಟ್ಟು ಪಡೆದದ್ದು ಮೆಚ್ಚತಕ್ಕ ಕ್ರಮ. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ, ಸ್ವಂತ ಭೂಮಿಯಿಲ್ಲದವನಿಗೆ ಗುತ್ತಿಗೆಯ ಹಣವಿಲ್ಲ. ಅವನ ಹೆಸರು ಯಾವ ಕಾಗದದಲ್ಲಿದೆ?

ದೇಶದೇಶಗಳ ವಿದ್ವಾಂಸರು ಕೂಡಿ ಮಾಡುವ ಲೆಕ್ಕದಲ್ಲಿ ಎಂಜಿನ್ನಿಗೂ ಚಕ್ರಕ್ಕೂ ಸ್ಥಾನವಿದೆ. ಹೇರನ್ನೆಳೆಯುವ ಶಕ್ತಿ ಯಾರ ಬಯಲಿನಿಂದ ಬಂತು, ಆ ಬಯಲಿನವನಿಗೆ ಏನು ಉಳಿಯಿತು ಎಂಬ ಕಲಮೂ ಅಲ್ಲಿರಬೇಕು. ಟ್ರೆವೆಲಿಯನ್ನನ ಸರ್ಕಾರ ಮಂದೆಯನ್ನು ಮಾರಿ ಆರು ವರ್ಷಗಳಲ್ಲಿ ಮತ್ತೆ ಕಟ್ಟಲು ಸಾಧ್ಯವಾದದ್ದು ಹುಲ್ಲಿನ ನೆಲ ಇನ್ನೂ ಉಳಿದಿದ್ದುದರಿಂದ. ನೆಲವೇ ಹೋದರೆ ತಪ್ಪನ್ನು ತಿದ್ದಿಕೊಳ್ಳುವ ಆ ಅವಕಾಶ ಮರಳಿ ಸಿಕ್ಕದು.